ಕೋಟೆಯ ಬಾಗಿಲಿಗೆ ನಿಂತ ಗೋಲ್‌ಕೀಪರ್

ಟಿ.ವಿ.ಯಲ್ಲಿ ಐತಿಹಾಸಿಕ ಧಾರಾವಾಹಿ ಬಂದರೆ ಎಲ್ಲರೂ ರಾಜನ ಮುಖ ನೋಡುತ್ತಾರೆ. ನಾನು ಸೈನಿಕರ ಕಾಲು ನೋಡುತ್ತೇನೆ. ಇದು ಒಳ್ಳೆಯ ಚಾಳಿ ಅಲ್ಲ ಎಂದು ಗೊತ್ತು. ಸಿಂಹಾಸನದ ಮೇಲೆ ಕುಳಿತವನು ಪ್ರಜೆಗಳಿಗಾಗಿ ಕಣ್ಣೀರು ಹಾಕುತ್ತಿರುವಾಗ, ಹಿಂದಿನ ಸಾಲಿನಲ್ಲಿ ಈಟಿ ಹಿಡಿದವನ ಕಾಲಲ್ಲಿ ರಬ್ಬರ್ ಚಪ್ಪಲಿ ಇದೆಯೋ, ಮುಂಗೈ ಮೇಲೆ ವಾಚು ಬಿಚ್ಚಿಟ್ಟ ಬಿಳಿ ಗುರುತು ಇದೆಯೋ ಎಂದು ಹುಡುಕುತ್ತೇನೆ. ಸಿಕ್ಕರೆ ದಿನಚರಿಯಲ್ಲಿ ಒಂದು ಗೆರೆ ಎಳೆಯುತ್ತೇನೆ. ನನ್ನ ದಿನಚರಿಯಲ್ಲಿ ಇಂಥ ಗೆರೆಗಳು ಬಹಳ. ಕರೆಂಟು ಹೋದದ್ದಕ್ಕೆ ಒಂದು ಸಾಲು, ನೀರು ಬಂದದ್ದಕ್ಕೆ ಒಂದು ಸಾಲು, ಗಂಗಾವತಿ ಹತ್ತಿರದ ತನ್ನ ತವರು ನೆನೆದು ಅವ್ವ "ನಮ್ಮ ಮರಳ್ಯಾಗ ಹಿಂಗಿಲ್ಲ" ಎಂದದ್ದಕ್ಕೆ ಮತ್ತೊಂದು. ಮೂರನೆಯದು ಪ್ರತಿ ತಿಂಗಳೂ ಪುಟ ದಾಟಿ ಹೋಗುತ್ತದೆ.

ಮೊನ್ನೆ ಹೀಗೇ ನೋಡುತ್ತಿದ್ದಾಗ ಒಬ್ಬ ಸೈನಿಕನ ಧೋತರದ ಕೆಳಗೆ ನೀಲಿ-ಬಿಳಿ ಪಟ್ಟೆಯ ಫುಟ್‌ಬಾಲ್ ಕಾಲುಚೀಲ ಕಂಡಿತು. ನಾನು ಕುರ್ಚಿಯಿಂದ ಎದ್ದೇ ನಿಂತೆ.

"ಯಾಕ, ರಾಜಾ ಸತ್ತನೇನು?" ಎಂದಳು ಅವ್ವ, ಶೇಂಗಾ ಸುಲಿಯುವುದನ್ನು ನಿಲ್ಲಿಸಿ.

"ಇಲ್ಲವ್ವ, ಕಾಲಚೀಲ."

"ಹೋಗ ಅತ್ತಾಗ," ಎಂದು ಅವಳು ಮತ್ತೆ ಶೇಂಗಾಕ್ಕೆ ಕೈ ಹಾಕಿದಳು. ಆದರೆ ಬಾಯಿಯ ಮೂಲೆಯಲ್ಲಿ ನಗುವಿತ್ತು. ಸೈನಿಕರು ಫುಟ್‌ಬಾಲ್ ಆಡುವವರಾದರೆ ಏನಾಗುತ್ತದೆ ಎಂಬುದು ನಮ್ಮ ಮನೆಗೆ ಗೊತ್ತಿದ್ದಷ್ಟು ಬೇರೆ ಯಾರ ಮನೆಗೂ ಗೊತ್ತಿರಲಿಕ್ಕಿಲ್ಲ.

ನಾನು ಹುಟ್ಟಿದ್ದು ೧೯೯೭ರಲ್ಲಿ. ಕೊಪ್ಪಳ ಜಿಲ್ಲೆಯಾದದ್ದೂ ಅದೇ ವರ್ಷ. ಜಿಲ್ಲೆಗೆ ಒಂದೊಂದೇ ಕಚೇರಿ ಬಂದ ಹಾಗೆ ನನಗೆ ಒಂದೊಂದೇ ಹಲ್ಲು ಬಂತು ಎಂದು ಅಪ್ಪ ಹೇಳುತ್ತಿದ್ದರು. ಸರ್ಕಾರಿ ನೌಕರರಾದ ಅವರಿಗೆ ಎರಡೂ ಹರ್ಷದ ಸಂಗತಿಗಳೇ. ಆದರೆ ಗಂಗಾವತಿಯ ಕಡೆಯ ಬೀಗರು ಯಾರೇ ಬಂದರೂ, ನನ್ನ ಕೆನ್ನೆ ಹಿಂಡಿ ಮುಗಿಸಿದ ಕೂಡಲೇ ಅದೇ ಮಾತು ತೆಗೆಯುತ್ತಿದ್ದರು. ಕಾಲುವೆ ಇರುವುದು ತಮ್ಮಲ್ಲಿ, ಭತ್ತ ತಮ್ಮಲ್ಲಿ, ರೈಸ್ ಮಿಲ್ಲು ತಮ್ಮಲ್ಲಿ, ಪೇಟೆ ತಮ್ಮಲ್ಲಿ; ಜಿಲ್ಲೆ ಮಾತ್ರ ಕೊಪ್ಪಳಕ್ಕೆ ಹೇಗೆ ಹೋಯಿತು? ನಮ್ಮವರು ಕೋಟೆಯನ್ನೂ ರೈಲು ಸ್ಟೇಷನ್ನನ್ನೂ ತೋರಿಸುತ್ತಿದ್ದರು. ಈ ವಾದ ಮದುವೆಗಳಲ್ಲಿ ಊಟದ ಪಂಕ್ತಿಯಲ್ಲಿ ಶುರುವಾಗಿ ತಾಂಬೂಲದವರೆಗೂ ನಡೆಯುತ್ತಿತ್ತು. ತೀರ್ಮಾನವಾಗುತ್ತಿದ್ದುದು ಮಾತ್ರ ಫುಟ್‌ಬಾಲ್ ಮೈದಾನದಲ್ಲಿ. ಅಲ್ಲಿ ಗಂಗಾವತಿಯವರದು ಒಂದೇ ಘೋಷಣೆ: "ಜಿಲ್ಲಾ ನಿಮಗ, ಗೋಲ್ ನಮಗ!"

ಎರಡೂ ಊರಿನವರಿಗೆ ಪರಸ್ಪರ ನಂಬಿಕೆ ಇಲ್ಲದ್ದರಿಂದ ರೆಫರಿ ಯಾವಾಗಲೂ ಕುಷ್ಟಗಿಯಿಂದ ಬರಬೇಕು ಎಂಬುದು ಕಟ್ಟಳೆ. ಒಮ್ಮೆ ಯಲಬುರ್ಗಾದವರೊಬ್ಬರನ್ನು ಕರೆಸಿದ್ದರು. ಅವರ ಹೆಂಡತಿಯ ತವರು ಗಂಗಾವತಿ ಎಂಬ ಸುದ್ದಿ ಅರ್ಧ ಆಟ ಮುಗಿದಾಗ ಹೊರಬಿದ್ದು, ಉಳಿದರ್ಧ ನಡೆಯಲೇ ಇಲ್ಲ. ಆಮೇಲೆ ಕುಷ್ಟಗಿಯ ಪಿ.ಟಿ. ಸರ್ ಒಬ್ಬರೇ ಗತಿಯಾದರು. ಬಕ್ಕ ತಲೆಯ, ಸಣ್ಣ ಮಾತಿನ, ದೊಡ್ಡ ಸೀಟಿಯ ಮನುಷ್ಯ. ಅವರು ಸೀಟಿ ಊದಿದರೆ ಮೈದಾನದ ಆಚೆ ಮೇಯುವ ಎಮ್ಮೆಗಳೂ ತಲೆಯೆತ್ತುತ್ತಿದ್ದವು.

ನಮ್ಮ ಮನೆಯ ಸ್ಥಿತಿ ಇನ್ನೂ ಬಿಗಿ. ನನ್ನ ಅಣ್ಣ ಶರಣು ಕೊಪ್ಪಳದ ಗೋಲ್‌ಕೀಪರ್. ಗಂಗಾವತಿಯ ಕ್ಯಾಪ್ಟನ್ ಯಮನೂರ ನಮ್ಮ ಸೋದರಮಾವನ ಮಗ, ಅಂದರೆ ಅವ್ವನ ಮರಳಿಯ ಅಣ್ಣನ ಮಗ. ಪಂದ್ಯದ ದಿನ ಅವ್ವ ರೊಟ್ಟಿ ಬುತ್ತಿ ಎರಡು ಕಟ್ಟುತ್ತಿದ್ದಳು. ಎರಡಕ್ಕೂ ಒಂದೇ ಅಳತೆಯ ಎಣ್ಣೆಗಾಯಿ. "ಇಬ್ಬರೂ ಒಂದೊಂದ್ ಗೋಲ್ ಹಾಕ್ಕೊಂಡು ಮನಿಗೆ ಬರ್ರಿ, ಮುಗದ್‌ಹೋತು," ಎಂದು ಆಶೀರ್ವದಿಸುತ್ತಿದ್ದಳು. ಗೋಲ್‌ಕೀಪರ್ ಗೋಲು ಹಾಕುವವನಲ್ಲ ಎಂದು ಅಣ್ಣ ಎಷ್ಟು ಸಲ ಬಿಡಿಸಿ ಹೇಳಿದರೂ ಅವಳಿಗೆ ಸಮಾಧಾನವಿಲ್ಲ. "ಮತ್ತ ದಿನಾ ಹೋಗಿ ಅಲ್ಲೇನ್ ಮಾಡ್ತಿ?"

ಅಲ್ಲೇನು ಮಾಡಿದ ಎಂಬುದು ಒಂದು ಫೈನಲ್ಲಿನಲ್ಲಿ ಊರಿಗೆಲ್ಲ ಗೊತ್ತಾಯಿತು. ತಾರೀಖು ನನ್ನ ಹತ್ತಿರ ಇದೆ. ಹೇಳಿದರೆ ಅಣ್ಣ ಮಾತು ಬಿಡುತ್ತಾನೆ. ಆಟ ಇನ್ನೇನು ಮುಗಿಯಲು ಬಂದಿತ್ತು, ಎರಡೂ ಕಡೆ ಗೋಲಿಲ್ಲ. ಯಮನೂರ ಜೋರಾಗಿ ಒದೆಯಲು ಹೋಗಿ ಕಾಲು ಜಾರಿದ. ಚೆಂಡು ನಮ್ಮ ಅಜ್ಜಿ ಗುಡಿಗೆ ಹೋಗುವ ವೇಗದಲ್ಲಿ, ನಡುನಡುವೆ ನಿಂತು ಯೋಚಿಸಿದಂತೆ, ಗೋಲಿನತ್ತ ಬಂತು. ಅಣ್ಣ ಅದನ್ನು ನೋಡಿದ. ನಕ್ಕ ಕೂಡ. ಬಗ್ಗಿ ಎರಡೂ ಕೈ ಚಾಚಿದ. ಚೆಂಡು ಅವನ ಕಾಲುಗಳ ನಡುವಿನಿಂದ ವಿನಯದಿಂದ ದಾಟಿ ಒಳಗೆ ಹೋಗಿ ಕುಳಿತಿತು.

ಅಂದಿನಿಂದ ಅವನ ಹೆಸರು ದರ್ವಾಜಾ ಶರಣು. ಬಾಗಿಲು ಎಂದರೂ ಆಗುತ್ತಿತ್ತು, ಆದರೆ ನಮ್ಮ ಕಡೆ ಬೈಗುಳಕ್ಕೂ ಅಡ್ಡಹೆಸರಿಗೂ ಉರ್ದು ಇದ್ದರೆ ಒಂದು ತೂಕ. ಅವನು ಬಸ್ಸು ಹತ್ತಿದರೆ ಹಿಂದಿನ ಸೀಟಿನಿಂದ ಯಾರೋ "ಕಂಡಕ್ಟರ್ರ, ದರ್ವಾಜಾ ಹಾಕ್ರಿ" ಎನ್ನುತ್ತಿದ್ದರು. ಹೋಟೆಲಿಗೆ ಹೋದರೆ "ದರ್ವಾಜಾಕ್ಕ ಒಂದ್ ಚಾ!" ಹಿಟ್ನಾಳಕ್ಕೆ ಕನ್ಯೆ ನೋಡಲು ಹೋದಾಗ ಹುಡುಗಿಯ ತಂದೆ ಹೊಲ, ನೌಕರಿ ಎಲ್ಲ ಕೇಳಿ ತಲೆದೂಗಿದರು. ಜೊತೆಗೆ ಬಂದಿದ್ದ ಹಿರಿಯರು ಉಮೇದಿನಿಂದ "ಫುಟ್‌ಬಾಲೂ ಆಡ್ತಾನ್ರಿ, ಗೋಲ್‌ಕೀಪರ್" ಎಂದುಬಿಟ್ಟರು. "ಓ, ಅಂವನಾ!" ಎಂದರು ತಂದೆ. ಒಳಗಿನಿಂದ ಕಿಸಕ್ಕನೆ ನಗು ಕೇಳಿಸಿತು. ವಿಚಾರ ಮಾಡಿ ಹೇಳುತ್ತೇವೆ ಎಂದವರು ಇನ್ನೂ ವಿಚಾರ ಮಾಡುತ್ತಿದ್ದಾರೆ. ಮನೆಗೆ ಬಂದ ಅಣ್ಣ ಗೋಡೆ ನೋಡುತ್ತ ಹೇಳಿದ: "ನಾ ಸತ್ತ ಮ್ಯಾಲೂ ಈ ಹೆಸರು ಹೋಗೂದಿಲ್ಲ ತಂಗಿ. ನನ್ ಮೊಮ್ಮಕ್ಕಳ್ನ ದರ್ವಾಜಾದವ್ರ ಮನಿ ಹುಡುಗರು ಅಂತಾರ."

ನಾನು ನಗಲಿಲ್ಲ. ನಮ್ಮೂರಲ್ಲಿ ಅಡ್ಡಹೆಸರು ಮನೆತನದ ಹೆಸರಾಗಲು ಹೆಚ್ಚು ಕಾಲ ಬೇಕಿಲ್ಲ.

ಅಂಥ ಹೊತ್ತಿಗೆ ಟಿ.ವಿ.ಯವರು ಬಂದರು. ವಾರಕ್ಕೊಂದು ಊರಿನ ಇತಿಹಾಸವನ್ನು ನಾಟಕ ಮಾಡಿ ತೋರಿಸುವ ಕಾರ್ಯಕ್ರಮ ಅವರದು. ಈ ಸಲ ಕೊಪ್ಪಳ. ಊರಿಗೆ ಊರೇ ಹಿಗ್ಗಿತು. ಕೋಟೆ ನಮ್ಮ ತಲೆಯ ಮೇಲೇ ಇದ್ದರೂ ನಾವು ಹತ್ತುವುದು ಬೇರೆ ಊರಿನ ನೆಂಟರು ಬಂದಾಗ ಮಾತ್ರ. ಅವರು ಕಟ್ಟಿಸಿದವರು ಯಾರು ಎಂದು ಕೇಳಿದರೆ "ಹಿಂದಿನವರು" ಎಂದು ಹೇಳಿ ಕೆಳಗಿಳಿಸಿಕೊಂಡು ಬರುತ್ತೇವೆ. ಈಗ ಇಡೀ ನಾಡಿಗೆ ಗೊತ್ತಾಗುತ್ತದಲ್ಲ, ಜೊತೆಗೆ ನಮಗೂ.

ನಿರ್ದೇಶಕರು ಬೆಂಗಳೂರಿನವರು, ಟೊಪ್ಪಿಗೆಯವರು, ಪಠ್ಯಪುಸ್ತಕದಂತೆ ಮಾತಾಡುವವರು. ಕೋಟೆಯ ಮೆಟ್ಟಿಲುಗಳನ್ನು ಕತ್ತಿ ಹಿಡಿದು ಓಡಿ ಹತ್ತುವ ಸೈನಿಕರು ಅವರಿಗೆ ಬೇಕಿತ್ತು. ಊರ ನಾಟಕದ ಕಲಾವಿದರನ್ನು ಹತ್ತಿಸಿ ನೋಡಿದರು; ಅರ್ಧಕ್ಕೇ ಕುಳಿತು ನೀರು ಕೇಳಿದರು. ಉಸಿರು ಇರುವವರೆಂದರೆ ಫುಟ್‌ಬಾಲ್ ಹುಡುಗರೇ ಎಂದು ಯಾರೋ ಹೇಳಿ, ನಿರ್ದೇಶಕರನ್ನು ಖಾದರ್ ಚಾಚಾನ ಸೈಕಲ್ ಅಂಗಡಿಗೆ ಕರೆತಂದರು. ಚಾಚಾ ನಮ್ಮ ತಂಡದ ಕೋಚು. ಪಂಕ್ಚರ್ ತಿದ್ದುತ್ತಲೇ ಆಟಗಾರರನ್ನೂ ತಿದ್ದುವವರು.

"ಕೋಟೆಯನ್ನು ರಕ್ಷಿಸುವವರು ಒಂದು ಪಡೆ, ಮುತ್ತಿಗೆ ಹಾಕುವ ವೈರಿಗಳು ಮತ್ತೊಂದು ಪಡೆ," ಎಂದರು ನಿರ್ದೇಶಕರು.

ರಕ್ಷಿಸಲು ಎಲ್ಲರೂ ಕೈ ಎತ್ತಿದರು. ವೈರಿಯಾಗಲು ಕೊಪ್ಪಳದಲ್ಲಿ ಒಬ್ಬನೂ ಸಿಗಲಿಲ್ಲ.

ಚಾಚಾ ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತ ಹೇಳಿದರು: "ವೈರಿ ಬೇಕಂದ್ರ ಹೊಸಾದ್ ಯಾಕ ತಯಾರ್ ಮಾಡ್ತೀರಿ ಸಾಹೇಬ್ರ? ಗಂಗಾವತಿಯೊಳಗ ತಯಾರಾಗಿ ಅದಾರ."

ಯಮನೂರನಿಗೆ ಫೋನ್ ಹೋಯಿತು. "ಕೊಪ್ಪಳ ಕೋಟಿ ಗೆಲ್ಲೂದೇನ್ರಿ?" ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. "ಊಟಾ ಕೊಡಬ್ಯಾಡ್ರಿ. ಬುತ್ತಿ ನಾವಾ ತರ್ತೀವಿ."

ಅಣ್ಣನಿಗೆ ಸಿಕ್ಕಿದ್ದು ಮುಖ್ಯ ದ್ವಾರಪಾಲಕನ ಪಾತ್ರ. ಅವನ ಎತ್ತರ ನೋಡಿ ನಿರ್ದೇಶಕರೇ ಆರಿಸಿದರು. ಪಾತ್ರ ಏನು ಮಾಡುತ್ತದೆ ಎಂದು ಅಣ್ಣ ಕೇಳಲಿಲ್ಲ. ಕೋಟೆಯ ಬಾಗಿಲು ಕಾಯುವವನು ಕಾಯುತ್ತಾನೆ, ಅದರಲ್ಲಿ ಕೇಳುವುದೇನಿದೆ? ಗಂಗಾವತಿಯವರು ನುಗ್ಗಿ ಬರುತ್ತಾರೆ, ಇವನು ಬಾಗಿಲಲ್ಲಿ ನಿಂತು ತಡೆಯುತ್ತಾನೆ, ಅದನ್ನು ಇಡೀ ರಾಜ್ಯ ನೋಡುತ್ತದೆ. ಮೀಸೆ ಬೆಳೆಸಿದ. ಕನ್ನಡಿಯ ಮುಂದೆ ನಿಂತು "ಯಾರಲ್ಲಿ!" ಎನ್ನತೊಡಗಿದ. ಹಾಲಿನವನು ಹೆದರಿ ಒಂದು ದಿನ ಹಾಲು ಹಾಕದೆ ಹೋದ.

ಚಿತ್ರೀಕರಣದ ದಿನ ನಾನೂ ಬುರುಜಿನ ಮೇಲೆ ಜಾಗ ಹಿಡಿದೆ. ಕೋಟೆಯೊಳಗೆ ಹೋಗುವ ಕಮಾನಿಗೆ ಬಾಗಿಲಿರಲಿಲ್ಲ. ಟಿ.ವಿ.ಯವರು ಪ್ಲೈವುಡ್ಡಿನ ಎರಡು ಭಾರಿ ಕದ ಮಾಡಿಸಿ, ಥರ್ಮೋಕೋಲಿನ ಮೊಳೆ ಅಂಟಿಸಿ, ಮರದ ಚೌಕಟ್ಟಿನಲ್ಲಿ ನಿಲ್ಲಿಸಿದ್ದರು. ಎರಡು ತಂಡ ಒಂದೆಡೆ ಸೇರುತ್ತವೆ ಎಂದು ಕೇಳಿ ಕುಷ್ಟಗಿಯ ಪಿ.ಟಿ. ಸರ್ ತಾವಾಗಿಯೇ ಬಂದಿದ್ದರು. ಅವರ ಬಕ್ಕ ತಲೆ ಕಂಡ ನಿರ್ದೇಶಕರು ಬಿಳಿ ಗಡ್ಡ ಅಂಟಿಸಿ ರಾಜಗುರು ಮಾಡಿದರು. ಗಡ್ಡದ ಒಳಗೆ ಸೀಟಿ ಹಾಗೇ ಇತ್ತು.

ನಿರ್ದೇಶಕರು ಎಲ್ಲರನ್ನೂ ಕೂರಿಸಿ ದೃಶ್ಯ ವಿವರಿಸಿದರು. ನಸುಕು. ಕೋಟೆ ಮಲಗಿದೆ. ದ್ವಾರಪಾಲಕನಿಗೆ ವೈರಿಗಳಿಂದ ಚಿನ್ನದ ಚೀಲ ಬರುತ್ತದೆ. ಅವನು ಅತ್ತಿತ್ತ ನೋಡಿ, ಬಾಗಿಲು ತೆರೆಯುತ್ತಾನೆ.

"ಯಾರು ತೆಗೀತಾರ್ರಿ ಸರ್?" ಎಂದ ಅಣ್ಣ.

"ನೀವೇ."

"ಯಾರಿಗೆ?"

"ಹೊರಗಿರುವ ವೈರಿಗಳಿಗೆ."

ಅಣ್ಣ ಕದದ ಸಂದಿಯಿಂದ ಹೊರಗೆ ನೋಡಿದ. ಯಮನೂರ ಮತ್ತು ಅವನ ತಂಡದವರು ಬೆಳ್ಳಿ ಬಣ್ಣ ಬಳಿದ ಕತ್ತಿ ಹಿಡಿದು ಹಲ್ಲು ಕಿರಿಯುತ್ತಿದ್ದರು. ಒಬ್ಬ ಆಗಲೇ ರಾಗ ಎಳೆದ: "ದರ್ವಾಜಾ ತೆಗೀತಾನಂತಲೇ! ಮತ್ತ ತೆಗೀತಾನಂತ!"

ಅಣ್ಣನ ಮುಖದ ಬಣ್ಣ ಇಳಿಯಿತು. "ಸರ್, ನನ್ ಕೊಂದುಬಿಡ್ರಿ. ಮೊದಲ ಕೊಲ್ರಿ. ಸತ್ತ ಮ್ಯಾಲೆ ಯಾರರ ತೆಗೀಲಿ."

"ಸತ್ತರೆ ದ್ರೋಹ ಹೇಗೆ ಮಾಡುತ್ತೀರಿ? ಇಡೀ ಕಥೆ ನಿಂತಿರುವುದೇ ನಿಮ್ಮ ದ್ರೋಹದ ಮೇಲೆ."

"ಇದು ಯಾವ ಪುಸ್ತಕದಾಗ ಐತ್ರಿ?"

ನಿರ್ದೇಶಕರು ಸ್ವಲ್ಪ ತಡವರಿಸಿದರು. "ಪುಸ್ತಕದಲ್ಲಿ ಖಾಲಿ ಇರುವ ಕಡೆ ನಾವು ಭಾವನೆ ತುಂಬುತ್ತೇವೆ."

"ಭಾವನಾ ತುಂಬ್ರಿ ಸಾಹೇಬ್ರ, ಬ್ಯಾಡ ಅನ್ನೂದಿಲ್ಲ," ಎಂದರು ಚಾಚಾ. "ಗಂಗಾವತಿಯವ್ರನ್ನ ತುಂಬಬ್ಯಾಡ್ರಿ."

ಬೇರೆ ಯಾರಾದರೂ ಬಾಗಿಲು ತೆರೆಯುತ್ತೀರಾ ಎಂದು ನಿರ್ದೇಶಕರು ನಮ್ಮ ತಂಡವನ್ನು ಕೇಳಿದರು. ಎಲ್ಲರೂ ಆಕಾಶ ನೋಡಿದರು. ದ್ವಾರಪಾಲಕನ ಅಂಗಿಯೂ ಅಣ್ಣನ ಅಳತೆಗೇ ಹೊಲಿದದ್ದು. ಬೇರೆಯವರಿಗೆ ತೊಡಿಸಿದರೆ ಒಳಗೆ ಇನ್ನೊಬ್ಬ ಹಿಡಿಸುತ್ತಿದ್ದ. ಬಿಸಿಲೇರುತ್ತಿತ್ತು. ಹೊರಗಿನಿಂದ ಯಮನೂರ ಕೂಗಿದ: "ಏ, ಲಗೂನ ತಗೀರ್ಯೋ! ಇಲ್ಲಿ ನಾವ್ ಸುಡಾಕತ್ತೀವಿ!"

ಚಾಚಾ ಅಣ್ಣನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದರು. ಅಣ್ಣ ಬಂದು ತಲೆಬಾಗಿಸಿ, "ಆತ್ರಿ ಸರ್, ತೆಗೀತೀನಿ" ಎಂದ. ನಿರ್ದೇಶಕರು ಅವನ ಬೆನ್ನು ತಟ್ಟಿದರು. ನಾನು ಬುರುಜಿನ ಮೇಲಿಂದ ನೋಡುತ್ತಿದ್ದೆ. ಮಲಗಿ ನಿದ್ದೆ ಮಾಡಬೇಕಾಗಿದ್ದ ನಮ್ಮ ಸೈನಿಕರು ಒಬ್ಬೊಬ್ಬರಾಗಿ ತೆವಳುತ್ತ ಬಾಗಿಲಿನ ಹತ್ತಿರ ಬರುತ್ತಿದ್ದರು.

"ಆ್ಯಕ್ಷನ್!"

ಅಣ್ಣ ಅತ್ತಿತ್ತ ನೋಡಿದ. ಚಿನ್ನದ ಚೀಲ ತೆಗೆದುಕೊಂಡ. ಅದನ್ನು ಗೋಡೆಯಾಚೆ ಎಸೆದ. ಆಮೇಲೆ ಎರಡೂ ಅಂಗೈ ಕದಕ್ಕೆ ಒತ್ತಿ ನಿಂತುಬಿಟ್ಟ. ಅವನ ಬೆನ್ನಿಗೆ ಹತ್ತು ಜನ.

ಹೊರಗಿನವರು ಮೊದಲು ಮೆಲ್ಲಗೆ ದಬ್ಬಿದರು. ತೆರೆಯಲಿಲ್ಲ. ಜೋರಾಗಿ ದಬ್ಬಿದರು. "ಲೇ ಶರಣ್ಯಾ, ತಗಿಯಲೇ, ಇದು ನಾಟಕ!" ಎಂದ ಯಮನೂರ. "ನಾಟಕಾದ್ರ ವಾಪಸ್ ಹೋಗಲೇ!" ಎಂದ ಅಣ್ಣ. ಅಷ್ಟೇ ಸಾಕಾಯಿತು. ಆಮೇಲೆ ಅದು ನಾಟಕವಾಗಿ ಉಳಿಯಲಿಲ್ಲ.

ನಿರ್ದೇಶಕರು "ಕಟ್, ಕಟ್" ಎನ್ನುತ್ತಲೇ ಇದ್ದರು. ಚೌಕಟ್ಟು ಕಿರ್ರೆಂದಿತು. ಬಾಗಿಲು ತೆರೆಯಲಿಲ್ಲ, ಮುರಿಯಲಿಲ್ಲ. ಮುಚ್ಚಿದ ಬಾಗಿಲು ಮುಚ್ಚಿದ ಹಾಗೇ, ಚೌಕಟ್ಟು ಸಮೇತ ಕಮಾನಿನಿಂದ ಕಳಚಿ ಒಳಗೆ ನಡೆದು ಬಂತು. ಗಂಗಾವತಿಯವರು ದಬ್ಬಿದಾಗ ನಾಲ್ಕು ಹೆಜ್ಜೆ ಒಳಗೆ, ಕೊಪ್ಪಳದವರು ದಬ್ಬಿದಾಗ ನಾಲ್ಕು ಹೆಜ್ಜೆ ಹೊರಗೆ. ಅದರ ಎಡಕ್ಕೂ ಬಲಕ್ಕೂ ಬಯಲು ಬಿದ್ದಿತ್ತು. ಎಮ್ಮೆಯೊಂದು ಬೇಕಾದರೂ ಪಕ್ಕದಿಂದ ಆರಾಮಾಗಿ ಕೋಟೆಯೊಳಗೆ ಹೋಗಬಹುದಿತ್ತು. ಆದರೆ ಗಂಗಾವತಿಯವರಿಗೆ ಕೋಟೆ ಬೇಕಿರಲಿಲ್ಲ, ಬಾಗಿಲು ಬೇಕಿತ್ತು. ನಮ್ಮವರಿಗೂ ಅಷ್ಟೇ. ಥರ್ಮೋಕೋಲಿನ ಮೊಳೆಗಳು ಮಲ್ಲಿಗೆಯಂತೆ ಉದುರುತ್ತಿದ್ದವು. ಕ್ಯಾಮೆರಾದವನು ಮಾತ್ರ ಅಣ್ಣನ ಮುಖದ ಹತ್ತಿರವೇ ಉಳಿದು, ಬಾಗಿಲಿನ ಜೊತೆ ಹಿಂದೆ ಮುಂದೆ ನಡೆಯುತ್ತ, ಎಲ್ಲವನ್ನೂ ತೆಗೆಯುತ್ತಿದ್ದ.

ಕೊನೆಗೆ ರಾಜಗುರು ಗಡ್ಡದೊಳಗೆ ಕೈ ಹಾಕಿ ಸೀಟಿ ಊದಿದರು.

ಇಪ್ಪತ್ತು ಚಿಲ್ಲರೆ ಸೈನಿಕರು ಒಮ್ಮೆಲೇ ನಿಂತರು. ಕೈಗಳು ತಾವಾಗಿಯೇ ಮೇಲೆ ಹೋದವು, ನನ್ನದಲ್ಲ ತಪ್ಪು ಎಂಬಂತೆ. ಪಿ.ಟಿ. ಸರ್ ಅಭ್ಯಾಸಬಲದಿಂದ ಹಳದಿ ಕಾರ್ಡಿಗೆ ಜೇಬು ತಡಕಿದರು. ರಾಜಗುರುವಿನ ಶಲ್ಯಕ್ಕೆ ಜೇಬೆಲ್ಲಿ? ಎಲ್ಲರೂ ಕೈಬಿಟ್ಟ ಬಾಗಿಲು ಒಂದು ಕ್ಷಣ ಒಂಟಿಯಾಗಿ ನಿಂತು ಆಲೋಚಿಸಿ, ನಿರ್ದೇಶಕರ ಕುರ್ಚಿಯ ಮೇಲೆ ಮಲಗಿತು. ಪುಣ್ಯಕ್ಕೆ ಅವರು ಅದರಲ್ಲಿರಲಿಲ್ಲ.

"ಎಡಿಟಿಂಗ್‌ನಲ್ಲಿ ಸರಿ ಮಾಡುತ್ತೇವೆ," ಎಂದು ಅವರು ಟೊಪ್ಪಿಗೆ ತೆಗೆದು ಬೆವರೊರೆಸಿಕೊಂಡು ಹೊರಟುಹೋದರು. ಆ ಮಾತಿನ ಅರ್ಥ ನಮಗೆ ಆಗ ತಿಳಿಯಲಿಲ್ಲ.

ಅಲ್ಲಿಂದ ಕೆಲವು ವಾರ ಅಣ್ಣ ಸುಖಪುರುಷ. ಹೋಟೆಲಿನಲ್ಲಿ ಚಾ ಅವನ ನಿಜವಾದ ಹೆಸರಿನಲ್ಲೇ ಬರುತ್ತಿತ್ತು. ಬಸ್ಸಿನ ಹಿಂದಿನ ಸೀಟು ಮೌನವಾಗಿತ್ತು. "ಟೀವ್ಯಾಗ ಬರ್ಲಿ ತಡಿ," ಎನ್ನುತ್ತಿದ್ದ. "ಹಿಟ್ನಾಳದವ್ರೂ ನೋಡ್ತಾರ."

ಬಂತು, ಒಂದು ಭಾನುವಾರ ಬೆಳಿಗ್ಗೆ. ನಮ್ಮ ಪಡಸಾಲೆಯಲ್ಲಿ ತಂಡ, ಚಾಚಾ, ಓಣಿಯ ಜನ, ಬಾಗಿಲಾಚೆ ಕಟ್ಟೆಯ ಮೇಲೆ ಜಾಗ ಸಿಗದವರು. ಅಣ್ಣ ಇಸ್ತ್ರಿ ಅಂಗಿ ಹಾಕಿ ಮದುಮಗನಂತೆ ನಡುವೆ ಕುಳಿತಿದ್ದ. ಶುರುವಿಗೇ ಯಾರೂ ಕೇಳರಿಯದ ಒಬ್ಬ ರಾಣಿ ಬಂದು ಹಾಡಿದಳು. ಆಮೇಲೆ ಹಸಿರು ಗದ್ದೆ ತೋರಿಸಿ, ರಾಜನ ಕಾಲದ ಕೊಪ್ಪಳದ ಸುಭಿಕ್ಷೆ ಎಂದರು.

"ಏ, ಅದು ನಮ್ಮ ಗಂಗಾವತಿ ಕಡಿ ಶ್ರೀರಾಮನಗರದ ಗದ್ದಿ!" ಎಂದಳು ಅವ್ವ. "ಕೆನಾಲ್ ಬಂದಿದ್ದು ನಿನ್ನಿ ಮೊನ್ನಿ. ರಾಜಾಗ ನೀರ್ ಯಾರ್ ಬಿಟ್ರು? ನೋಡ್ ಅಲ್ಲಿ, ಹಿಂದ ಟ್ರ್ಯಾಕ್ಟರ್!"

ಯಾರಿಗೂ ಅದು ಬೇಕಿರಲಿಲ್ಲ. ಪರದೆಯ ತುಂಬ ಅಣ್ಣನ ಮುಖ ಬಂದಿತ್ತು. ಬೆವರು, ಉಬ್ಬಿದ ನರ, ಕಚ್ಚಿದ ಹಲ್ಲು. ಎಲ್ಲರೂ ಸಿಳ್ಳೆ ಹಾಕಿದರು. ಆಗ ಗಂಭೀರವಾದ ಧ್ವನಿಯೊಂದು ಹೇಳಿತು: "ಚಿನ್ನದ ಮೋಹಕ್ಕೆ ಸೋತ ದ್ವಾರಪಾಲಕ, ಆ ಭಾರವಾದ ಅಗುಳಿಯನ್ನು ತೆರೆಯಲು ಹೆಣಗುತ್ತಿದ್ದಾನೆ."

ಮರುಕ್ಷಣ, ಚಿತ್ರೀಕರಣದ ದಿನ ಬೆಳಿಗ್ಗೆ ತಾಲೀಮಿನಲ್ಲಿ ತೆಗೆದಿದ್ದ ಚಿತ್ರ: ಗಂಗಾವತಿಯವರು ಮೆಟ್ಟಿಲು ಹತ್ತಿ ಹೋ ಎಂದು ಓಡುತ್ತಿದ್ದಾರೆ. ಜಾಹೀರಾತು.

ತಡೆಯಲು ಹೆಣಗಿದ ಮುಖವೇ ತೆರೆಯಲು ಹೆಣಗಿದ ಮುಖವಾಗಿತ್ತು. ನಾನು ದಿನಚರಿಗೆ ಬೇಕೆಂದು ಪೆನ್ನು ಹಿಡಿದು ಕುಳಿತಿದ್ದೆ. ಕಾಲುಚೀಲ, ವಾಚು ಯಾವುದೂ ಕಣ್ಣಿಗೆ ಬೀಳಲಿಲ್ಲ.

"ಝೂಟ್!" ಎಂದು ಚಾಚಾ ಎದ್ದರು. "ಅಂವ ಒತ್ತಿ ಹಿಡದಿದ್ದ! ನಾ ನನ್ ಕಣ್ಣಿಂದ ನೋಡೀನಿ!"

ಒಬ್ಬೊಬ್ಬರೂ ಕೂಗತೊಡಗಿದರು. ಮೊದಲು ದರ್ವಾಜಾ ಎಂದು ಕರೆದವನೇ ಎಲ್ಲರಿಗಿಂತ ಜೋರಾಗಿ ಟಿ.ವಿ.ಗೆ ಬಯ್ಯುತ್ತಿದ್ದ. ಅಣ್ಣ ಮಾತ್ರ ಕುಳಿತೇ ಇದ್ದ.

"ನಿಮಗ ಗೊತ್ತೈತಿ ಚಾಚಾ. ನೀವು ನಮ್ಮವ್ರು. ಕೊಪ್ಪಳದಾಂವ ತೆಗೀಲಿಲ್ಲ ಅಂತ ಕೊಪ್ಪಳದವ್ರು ಹೇಳಿದ್ರ ಯಾರ್ ನಂಬ್ತಾರ? ಹಿಟ್ನಾಳದವ್ರು ನಂಬ್ತಾರೇನು?"

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಯಮನೂರ. ಅಣ್ಣ ಎತ್ತಲಾರೆ ಎಂದು ನನ್ನ ಕೈಗೆ ಕೊಟ್ಟ. ನಾನು ಸ್ಪೀಕರ್ ಒತ್ತಿದೆ.

"ಎಲ್ಲದಾನ ಅಂವಾ? ಲೇ ಶರಣ್ಯಾ! ಏನಲೇ ಇದು?" ಯಮನೂರನಿಗೆ ಉಸಿರು ಕಟ್ಟುವಷ್ಟು ಸಿಟ್ಟು. "ರೊಕ್ಕಾ ಕೊಟ್ಟು ಕೋಟಿ ಹೊಕ್ಕವ್ರು ಅಂತ ತೋರಿಸ್ಯಾರಲ್ಲಲೇ ನಮ್ಮನ್ನ! ಗಂಗಾವತಿಯವ್ರು ಲಂಚಾ ಕೊಟ್ಟು ಗೆದ್ದಾರಂತ! ಅಷ್ಟೊತ್ತು ದಬ್ಬಿದ್ದು ಎಲ್ಲಿ ಹೋತು? ನನ್ ಹೆಗಲಾ ಬಾತು ಅಂಗಿ ಹಾಕ್ಕೊಳ್ಳಾಕ ಬರತಿದ್ದಿಲ್ಲ. ನೀ ತಗದಿದ್ರ ನಾವ್ಯಾಕ ದಬ್ಬತಿದ್ವಿ?"

ಅಣ್ಣ ತಟ್ಟನೆ ಎದ್ದ. ಫೋನನ್ನು ನನ್ನ ಕೈಯಿಂದ ಕಸಿದುಕೊಂಡ.

"ಏನಂದಿ? ಇನ್ನೊಮ್ಮಿ ಅನ್ನು."

"ನೀ ತಗೀಲಿಲ್ಲಲೇ!"

"ಜೋರ್ ಅನ್ನು, ಕೇಳಸವಲ್ದು." ಅಣ್ಣ ಜನರನ್ನು ದಾಟಿ ಹೊರಗೆ ನಡೆದಿದ್ದ. ಕಟ್ಟೆಯ ಮೇಲೆ ಹತ್ತಿ ನಿಂತು, ಫೋನನ್ನು ಕೈಯೆತ್ತರ ಹಿಡಿದ. ಓಣಿ ಕಿವಿಯಾಯಿತು.

"ಕೊಪ್ಪಳದ ಶರಣು," ಎಂದು ಗಂಗಾವತಿಯ ಕ್ಯಾಪ್ಟನ್ ತನ್ನ ಊರಿನಿಂದ ಗಂಟಲು ಹರಿಯುವಂತೆ ಕಿರುಚಿದ, "ದೇವರಾಣಿ ಬಾಗಲಾ ತಗೀಲಿಲ್ಲ! ನಾವೆಲ್ಲಾ ಕೂಡಿ ದಬ್ಬಿದ್ರೂ ತಗೀಲಿಲ್ಲ! ಯಾಂವ ಬರ್ತಾನ ಬರ್ಲಿ, ನಾ ಹೇಳ್ತೀನಿ!"

ನಾನು ಕಂಡಂತೆ, ಗಂಗಾವತಿಯವನೊಬ್ಬನ ಮಾತಿಗೆ ಕೊಪ್ಪಳದಲ್ಲಿ ಚಪ್ಪಾಳೆ ಬಿದ್ದದ್ದು ಅದೇ ಮೊದಲು. ಓಣಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ತವರಿನ ಯಮನೂರನಿಗಾಗಿಯೋ ತನ್ನ ಮಗನಿಗಾಗಿಯೋ ಹೇಳಲಿಲ್ಲ.

ಫೋನಿನಲ್ಲಿ ಯಮನೂರ ಅನುಮಾನದಿಂದ ಕೇಳಿದ:

"ಚಪ್ಪಾಳಿ ಯಾರ್ದಲೇ ಅದು? ಕೊಪ್ಪಳದವ್ರದಾ? ಹಂಗಾರ ನಾ ಅಂದಿದ್ದು ವಾಪಸ್ ತಗೊಂತೀ..."

ಅಣ್ಣ ಫೋನ್ ಕಟ್ ಮಾಡಿದ.